ಕಟ್ಟಿದ ಹಲ್ಲು, ಹುಟ್ಟಿದ ವಸಡು

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಡಾಕ್ಟರಮ್ಮನವರೇ, ಇವರ ಮುಂದೆ ಒಮ್ಮೆಯಾದರೂ ಬಾಯಿ ತೆರೆದಿರುವ ಸಭಿಕರೇ,

ಡಾಕ್ಟರಮ್ಮ ಅಳತೆ ತೆಗೆದು ಕಳಿಸುತ್ತಿದ್ದರು, ನಾನು ಹಿಂದಿನ ಕೋಣೆಯಲ್ಲಿ ಕೂತು ಹಲ್ಲು ಮಾಡಿಕೊಡುತ್ತಿದ್ದೆ. ಈ ಸಭೆಯಲ್ಲಿ ನಗುತ್ತಿರುವ ಹಲ್ಲುಗಳಲ್ಲಿ ಎಷ್ಟೋ ನನ್ನವೇ. ಯಾರವೆಂದು ಹೇಳುವುದಿಲ್ಲ, ಗಾಬರಿ ಬೇಡ.

ಇವರ ಕೈಗುಣದ ಬಗ್ಗೆ ಎಲ್ಲರೂ ಮಾತಾಡಿದರು. ನಾನು ಇವರ ಬೈಗುಳದ ಬಗ್ಗೆ ಹೇಳುತ್ತೇನೆ.

ನನ್ನ ಹೆಂಡತಿಗೆ ಮುಂದಿನ ಹಲ್ಲು ಕಟ್ಟಿಸಬೇಕಾಯಿತು. ಬಣ್ಣ ಹೊಂದಿಸಲು ಅವಳನ್ನು ಕಿಟಕಿಯ ಬೆಳಕಿನಲ್ಲಿ ನಿಲ್ಲಿಸಿ ನೋಡಿದ್ದೇ ನೋಡಿದ್ದು. ಮದುವೆಯ ದಿನವೂ ಅಷ್ಟು ಹೊತ್ತು ನೋಡಿರಲಿಲ್ಲವೆಂದು ಅವಳ ಆಕ್ಷೇಪಣೆ.

ಹಲ್ಲು ಕೂರಿಸಿದ ಕೆಲವು ತಿಂಗಳಿಗೆ ಅವಳ ನಗು ನಿಂತುಹೋಯಿತು. ನಾನೇನಾದರೂ ತಮಾಷೆ ಮಾಡಿದರೆ ಬಾಯಿಗೆ ಕೈ ಅಡ್ಡ, ಮಾತಾಡಿದರೆ ಮುಖ ಗೋಡೆಯ ಕಡೆ. ನನ್ನ ಮೇಲೆ ಮುನಿಸಿರಬೇಕೆಂದುಕೊಂಡೆ. ಮನಸ್ಸಿಗೆ ಬಹಳ ಕಷ್ಟವಾಯಿತು. ಕೊನೆಗೊಂದು ದಿನ ಅವಳು ಬಾಯಿ ಮುಕ್ಕಳಿಸಿದ ನೀರಿನಲ್ಲಿ ರಕ್ತ ಕಂಡು ಇವರ ಹತ್ತಿರ ಕರೆತಂದೆ. ವಸಡು ಊದಿಕೊಂಡಿತ್ತು, ಮುಟ್ಟಿದರೆ ರಕ್ತ. ಬಾಯಿ ವಾಸನೆ ನನಗೆ ಬಡಿಯಬಾರದೆಂದು ಅವಳು ಮುಖ ತಿರುಗಿಸುತ್ತಿದ್ದಳು, ಪಾಪ. ಹೀಗೇ ಬಿಟ್ಟರೆ ಕಟ್ಟಿದ ಹಲ್ಲಿಗೆ ಆಧಾರವಾಗಿರುವ ಅಕ್ಕಪಕ್ಕದ ಹಲ್ಲುಗಳೂ ಹೋಗುತ್ತವೆಂದು ಡಾಕ್ಟರಮ್ಮ ಎಚ್ಚರಿಸಿದರು.

ಹಾಗಾದರೆ ಅವಳು ಹಲ್ಲುಜ್ಜುತ್ತಿರಲಿಲ್ಲವೇ? ಉಜ್ಜುತ್ತಿದ್ದಳು, ಉಳಿದೆಲ್ಲವನ್ನೂ. ಕಟ್ಟಿದ ಹಲ್ಲಿನ ಹತ್ತಿರ ಮಾತ್ರ ಬ್ರಷ್ ಸುಳಿಯುತ್ತಿರಲಿಲ್ಲ.

"ಇವ್ರು ಅಷ್ಟು ಕಷ್ಟಪಟ್ಟು ಮಾಡಿದ್ದು. ಉಜ್ಜಿ ಹೊಳಪು ಹೋಗ್ಬಿಟ್ರೆ ಅಂತ" ಎಂದಳು.

ಸಭಿಕರೇ, ನನ್ನ ಕೆಲಸಕ್ಕೆ ಇಂಥ ಪ್ರಶಸ್ತಿ ಬೇರೆಲ್ಲೂ ಸಿಕ್ಕಿಲ್ಲ.

"ಇವ್ರು ಮಾಡಿದ ಹಲ್ಲಿಗೆ ಏನೂ ಆಗಲ್ಲ ಕಣಮ್ಮ. ಅದು ನಿಂತಿರೋದು ನಿನ್ನ ವಸಡಿನ ಆಸರೆಯಲ್ಲಿ. ಅದನ್ನ ನೋಡ್ಕೋ" ಎಂದ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಹಲ್ಲು ಮಾಡೋಕೆ ಬರುತ್ತಲ್ಲ, ಅದರಡಿ ದಾರ ಹಾಕಿ ಕ್ಲೀನ್ ಮಾಡೋಕೂ ಕಲೀರಿ."

ಕಲಿತೆ. ಕಟ್ಟಿದ ಹಲ್ಲಿನ ಅಡಿಯಿಂದ ದಾರ ತೂರಿಸುವುದು ಅವಳ ಕೈಗೆ ಒಗ್ಗಲಿಲ್ಲ, ಆ ಕೆಲಸ ನನ್ನದಾಯಿತು. ಊಟವಾದ ಮೇಲೆ ಅವಳು ಸಿಂಕಿನ ಪಕ್ಕ ಸ್ಟೂಲಿನ ಮೇಲೆ ಕೂರುತ್ತಾಳೆ, ನಾನು ಕನ್ನಡಕ ಏರಿಸಿಕೊಂಡು ಶುರುಮಾಡುತ್ತೇನೆ. ಅವಳು ಎದುರು ಮಾತಾಡಲಾಗದ ಹೊತ್ತು ಅದೊಂದೇ. ದಿನದ ವರದಿಯೆಲ್ಲ ಆಗಲೇ ಒಪ್ಪಿಸುತ್ತೇನೆ. ವಸಡು ವಾಸಿಯಾಗಿ ಎಷ್ಟೋ ಕಾಲವಾಯಿತು. ಈಗ ಅವಳೇ ದಾರ ಹಾಕಿಕೊಳ್ಳಬಲ್ಲಳೆಂದು ನನಗೆ ಬಲವಾದ ಅನುಮಾನ. ಕೇಳಿಲ್ಲ, ಕೇಳುವುದೂ ಇಲ್ಲ.

ಡಾಕ್ಟರಮ್ಮ, ತಮಗೆ ಕಾಣಿಕೆಯೆಂದು ಏನೂ ತಂದಿಲ್ಲ. ಮನೆಯ ಗುಟ್ಟೆಲ್ಲ ಬಯಲುಮಾಡಿದೆನೆಂದು ಅಗೋ, ಹಿಂದಿನ ಸಾಲಿನಲ್ಲಿ ಅವಳು ನಗುತ್ತಿದ್ದಾಳೆ. ಬಾಯಿಗೆ ಕೈ ಅಡ್ಡ ಇಲ್ಲ, ನೋಡಿ.

ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೇಳಿದ ತಮಗೆಲ್ಲ ವಂದನೆಗಳು. ನಮಸ್ಕಾರ.