ತಪ್ಪು: ಒಬ್ಬರಿಗೆ, ಒಪ್ಪು: ಇಬ್ಬರಿಗೆ

ನಿವಾಸಿಗಳ ಸಂಘದ ಮಾನ್ಯ ಅಧ್ಯಕ್ಷರೇ, ಪುಸ್ತಕ ಬಿಡುಗಡೆ ಮಾಡಿದ ನಿವೃತ್ತ ಪ್ರಾಂಶುಪಾಲರೇ, ಅದನ್ನು ಅಚ್ಚು ಹಾಕಿಕೊಟ್ಟ ಪ್ರೆಸ್ಸಿನ ಮಾಲೀಕರೇ, ಹಿಂದಿನ ಸಾಲಿನಲ್ಲಿ ಕುಳಿತು ಊಟದ ಕೋಣೆಯ ಬಾಗಿಲನ್ನೇ ನೋಡುತ್ತಿರುವ ಸಭಿಕರೇ,

ಸಂಘದ ಕಾರ್ಯದರ್ಶಿಯಾಗಿ ಈ ವೇದಿಕೆಯಲ್ಲಿ ಎಷ್ಟೋ ಸಲ ಮಾತಾಡಿದ್ದೇನೆ. ನೀರಿನ ಟ್ಯಾಂಕಿನ ಬಗ್ಗೆ ಮಾತಾಡಿದ್ದೇನೆ, ಬೀದಿ ದೀಪದ ಬಗ್ಗೆ ಮಾತಾಡಿದ್ದೇನೆ. ಇವತ್ತು ಲೇಖಕಿಯ ಗಂಡನಾಗಿ ಮಾತಾಡಬೇಕಂತೆ. "ಹೊಗಳಿ ನಾಲ್ಕು ಮಾತು ಹೇಳಿ ಇಳಿದುಬಿಡಿ" ಎಂದು ಅಧ್ಯಕ್ಷರು ಕಿವಿಯಲ್ಲಿ ಹೇಳಿದರು. ಕ್ಷಮಿಸಬೇಕು. ನಾನು ದೂರು ಕೊಡಲು ನಿಂತಿದ್ದೇನೆ.

ಲೇಖಕಿ, ಅಂದರೆ ನನ್ನ ಹೆಂಡತಿ, ಇಲ್ಲಿಲ್ಲ. ಪುಸ್ತಕ ಬಿಡುಗಡೆಯಾಗಿ ಚಪ್ಪಾಳೆ ಮುಗಿದದ್ದೇ ತಡ, "ಭಾಷಣ ಕೇಳೋ ಪುಣ್ಯ ಬೇರೆಯವರಿಗೂ ಸಿಗ್ಲಿ" ಎಂದು ನಕ್ಕು ಹೊರಟಳು. ಮನೆ ಪಕ್ಕದ ಬೀದಿಯಲ್ಲೇ ಇದೆ. ಅವಳಿಗೆ ಕೊಟ್ಟ ಹೂಗುಚ್ಛ ಮಾತ್ರ ಕುರ್ಚಿಯಲ್ಲಿ ಕೂತು ನನ್ನ ಮಾತು ಕೇಳುತ್ತಿದೆ.

ಪುಸ್ತಕದ ಹೆಸರು 'ಸುಲಭ ಸಸ್ಯಾಹಾರ'. ಎರಡು ಭಾಗಗಳಿವೆ. ಮೊದಲನೆಯದು ವಾರದ ದಿನಗಳ ರಾತ್ರಿ ಊಟಕ್ಕೆ, ಎರಡನೆಯದು ಮನೆಗೆ ಜನ ಬಂದಾಗ. ಆ 'ಸುಲಭ' ಎಂಬ ಪದ ನನ್ನದು ಎಂದು ಸಭೆಯ ಗಮನಕ್ಕೆ ತರುತ್ತೇನೆ. "ಹತ್ತು ಹನ್ನೆರಡು ಜನ ಬರ್ತಿದ್ದೀವಿ, ಏನಾದ್ರೂ ಸುಲಭವಾಗಿ ಮಾಡ್ಬಿಡು" ಎಂದು ಸಂಘದ ಕೋಣೆಯಿಂದ ವರ್ಷಗಟ್ಟಲೆ ಫೋನ್ ಮಾಡಿದವನು ನಾನು. ಮುನ್ನುಡಿಯಲ್ಲಿ ತರಕಾರಿ ಅಂಗಡಿಯವನಿಗೆ ವಂದನೆ ಇದೆ, ಎದುರುಮನೆಯ ಟೈಲರ್ ಅಕ್ಕನಿಗಿದೆ, ಹಳೆಯ ಕುಕ್ಕರಿಗೂ ಇದೆ. ಇರಲಿ. ನನ್ನ ದೂರು ಅದಲ್ಲ.

ನಿಮಗೆಲ್ಲ ಗೊತ್ತಿರುವ ಹಾಗೆ ನಾನು ಅಳತೆ ಮತ್ತು ತೂಕದ ಇನ್ಸ್‌ಪೆಕ್ಟರು. ತಕ್ಕಡಿ ಕೂದಲೆಳೆಯಷ್ಟು ವಾಲಿದರೂ ನನ್ನ ಕಣ್ಣಿಗೆ ಬೀಳುತ್ತದೆ. ನಾನು ಬೀದಿಗೆ ಬಂದರೆ ಅಂಗಡಿಯವರು ತೂಕದ ಬಟ್ಟುಗಳನ್ನು ಒರೆಸಿಡುತ್ತಾರೆ. ಹಾಗಿರುವಾಗ ಹೆಂಡತಿಯ ಪುಸ್ತಕವನ್ನು ಸುಮ್ಮನೆ ಓದುತ್ತೇನೆಯೇ? ತಪಾಸಣೆ ಮಾಡಿದೆ. ಬೇಳೆ ಅಳೆದೆ, ಬದನೆಕಾಯಿ ತೂಗಿದೆ. ಎಲ್ಲವೂ ಸರಿ. ಉಪ್ಪನ್ನು ಕೂಡ 'ರುಚಿಗೆ ತಕ್ಕಷ್ಟು' ಎಂದು ಜಾರಿಕೊಳ್ಳದೆ ಚಮಚದ ಲೆಕ್ಕದಲ್ಲಿ ಕೊಟ್ಟಿದ್ದಾಳೆ. ಇನ್ಸ್‌ಪೆಕ್ಟರ ಹೆಂಡತಿ ಅಂದರೆ ಸುಮ್ಮನೆಯೇ?

ತಪ್ಪು ಕಂಡದ್ದು ಅಡುಗೆಗಳ ಹೆಸರಿನ ಕೆಳಗೆ. ಆಲೂಗೆಡ್ಡೆ ಬಟಾಣಿ: ಒಬ್ಬರಿಗೆ. ಟೊಮೇಟೊ ಸೂಪು: ಒಬ್ಬರಿಗೆ. ಎಲೆಕೋಸು ಹಾಕಿದ ಅನ್ನ: ಒಬ್ಬರಿಗೆ. ಪುಟ ತಿರುಗಿಸಿದಷ್ಟೂ ಒಬ್ಬರಿಗೆ, ಒಬ್ಬರಿಗೆ, ಒಬ್ಬರಿಗೆ. ಎರಡನೆಯ ಭಾಗಕ್ಕೆ ಬಂದರೆ ಒಮ್ಮೆಲೇ ಹನ್ನೆರಡು ಜನರಿಗೆ. ಇಡೀ ಪುಸ್ತಕ ಜಾಲಾಡಿದರೂ 'ಇಬ್ಬರಿಗೆ' ಎಂಬ ಪದವೇ ಇಲ್ಲ. ಸಭಿಕರೇ, ಮಗಳು ಮದುವೆಯಾಗಿ ಹೋದ ಮೇಲೆ ನಮ್ಮ ಮನೆಯಲ್ಲಿ ಎಷ್ಟು ಜನ ಇದ್ದೇವೆ? ಬಾಗಿಲ ಫಲಕದಲ್ಲಿ ಯಾರ ಹೆಸರಿದೆ? ನಾನೇನು ಅಲ್ಲಿ ಬಾಡಿಗೆಗಿದ್ದೇನೆಯೇ?

ಅಚ್ಚಿನ ತಪ್ಪೆಂದುಕೊಂಡು ಪ್ರೆಸ್ಸಿಗೆ ಹೋಗಿ ಮಾಲೀಕರ ಮೇಲೆ ಹರಿಹಾಯ್ದೆ. ಪಾಪ, ಅವರು ಕನ್ನಡಕ ತೆಗೆದು ಹೇಳಿದರು, "ಸಾರ್, ನನಗೂ ಅನುಮಾನ ಬಂತು, ಕೇಳ್ದೆ. ಅಮ್ಮ ಹಾಗೇ ಇರ್ಲಿ ಅಂದ್ರು." ಮಗಳಿಗೆ ಫೋನ್ ಮಾಡಿದೆ. "ನಿಮ್ಮಮ್ಮ ನನ್ನನ್ನ ಪುಸ್ತಕದಿಂದಲೇ ಕೈಬಿಟ್ಟಿದ್ದಾಳೆ ನೋಡು" ಅಂದೆ. "ಕೈಬಿಟ್ಟಿಲ್ಲಪ್ಪ, ಎರಡನೇ ಭಾಗ ನೋಡಿ. ಆ ಹನ್ನೆರಡು ಜನದಲ್ಲಿ ನೀವೂ ಇದ್ದೀರಿ" ಅಂದಳು. ನಗಬೇಡಿ. ಅಧ್ಯಕ್ಷರೇ, ನೀವಂತೂ ನಗಲೇಬಾರದು. ಆ ಹನ್ನೆರಡರಲ್ಲಿ ನೀವೂ ಒಬ್ಬರು.

ಸಂಜೆ ಹೊತ್ತು ನಾನೇನು ಊರು ಸುತ್ತಲು ಹೋಗುತ್ತಿದ್ದೆನೇ? ಕಚೇರಿ ಮುಗಿಸಿ ನೇರವಾಗಿ ಸಂಘದ ಕೋಣೆಗೆ ಬರುತ್ತಿದ್ದೆ. ಟ್ಯಾಂಕಿಗೆ ಹೊಸ ಪಂಪು ಹಾಕಿಸಿದವರು ಯಾರು? ನಿಮ್ಮ ತಲೆಯ ಮೇಲೆ ತಿರುಗುತ್ತಿರುವ ಫ್ಯಾನುಗಳನ್ನು ತರಿಸಿದವರು ಯಾರು? ಮೀಟಿಂಗು ಎಂದ ಮೇಲೆ ಅಲ್ಲೇ ಏನಾದರೂ ತರಿಸುತ್ತಾರೆ, ಹೊಟ್ಟೆ ತುಂಬುತ್ತದೆ. ಮನೆಗೆ ಹೋಗಿ "ನಂದು ಊಟ ಆಯ್ತು" ಅನ್ನುತ್ತಿದ್ದೆ. ಸುಳ್ಳು ಹೇಳಲಿಲ್ಲವಲ್ಲ. ಮೊದಲೆಲ್ಲ ಮೇಜಿನ ಮೇಲೆ ನನಗಾಗಿ ಒಂದು ತಟ್ಟೆ ಮುಚ್ಚಿಟ್ಟಿರುತ್ತಿತ್ತು. ಅದು ಯಾವಾಗ ನಿಂತಿತೋ ನನಗೆ ಗೊತ್ತಿಲ್ಲ. ನನ್ನ ಸಿಟ್ಟು ಇರುವುದೇ ಅಲ್ಲಿ. ಒಬ್ಬ ಅಂಗಡಿಯವನ ತಕ್ಕಡಿ ಜಪ್ತಿ ಮಾಡುವ ಮೊದಲು ನಾನು ನೋಟಿಸು ಕೊಡುತ್ತೇನೆ, ಉತ್ತರ ಹೇಳಲು ಅವಕಾಶ ಕೊಡುತ್ತೇನೆ. ನನ್ನ ತಟ್ಟೆ ಎತ್ತಿಡುವಾಗ ನನಗೊಂದು ನೋಟಿಸು ಬೇಡವೇ? ಅಡುಗೆಮನೆಗೆ ಅಂಗೈಯಗಲದ ಪುಟ್ಟ ಬಾಣಲೆಯೊಂದು ಬಂದಿದೆ. ಒಬ್ಬರ ಅಡುಗೆಗೆ ಹೇಳಿ ಮಾಡಿಸಿದ ಹಾಗಿದೆ. ನಾನು ಅದನ್ನು ನೋಡಿದ್ದು ಹೋದ ವಾರ. ಅದರ ಹಿಡಿ ಆಗಲೇ ಸವೆದುಹೋಗಿದೆ.

ಆದರೂ ನಾನು ಬಿಡಲಿಲ್ಲ. ಪುಸ್ತಕದಲ್ಲಿ ತಪ್ಪಾದರೆ 'ತಪ್ಪು ಒಪ್ಪು' ಎಂದು ಚೀಟಿ ಅಂಟಿಸುತ್ತಾರಲ್ಲ, ಅದನ್ನೇ ಅಚ್ಚು ಹಾಕಿಸಿದೆ. 'ತಪ್ಪು: ಒಬ್ಬರಿಗೆ. ಒಪ್ಪು: ಇಬ್ಬರಿಗೆ.' ಇವತ್ತು ಬೆಳಗ್ಗೆ ಗೋಂದು ಹಿಡಿದು ಪುಸ್ತಕದ ರಾಶಿಯ ಮುಂದೆ ಕೂತಿದ್ದೆ. ಇವಳು ಬಂದು ಒಂದು ಚೀಟಿ ತೆಗೆದು ಓದಿದಳು. ಜಗಳವಾಡಿದ್ದರೆ ನನಗೂ ಹುರುಪು ಬರುತ್ತಿತ್ತು. ಅವಳು ಜಗಳವಾಡಲಿಲ್ಲ. "ಅಂಟಿಸ್ಬಹುದು ಕಣ್ರೀ. ಆದ್ರೆ ಒಳಗೆ ಇರೋದು ಒಂದೇ ಆಲೂಗೆಡ್ಡೆ, ಒಂದೇ ಹಿಡಿ ಬಟಾಣಿ. ಇಬ್ಬರು ಕೂತ್ರೆ ಇಬ್ಬರಿಗೂ ಸಾಲಲ್ಲ. ಹೀಗೆ ಮಾಡೋದಕ್ಕೆ ನಿಮ್ಮ ಇಲಾಖೆಯಲ್ಲಿ ಏನಂತಾರೆ?" ಎಂದು ಕೇಳಿದಳು.

ಏನಂತಾರೆ? ಒಳಗಿನ ಮಾಲನ್ನು ಹಾಗೇ ಇಟ್ಟು ಮೇಲಿನ ಚೀಟಿ ಬದಲಾಯಿಸುವುದಕ್ಕೆ ನಮ್ಮಲ್ಲಿ ಮೋಸ ಅಂತಾರೆ. ಅದೇ ಕಾರಣಕ್ಕೆ ಎಷ್ಟೋ ಅಂಗಡಿಗಳ ಬಾಗಿಲು ಹಾಕಿಸಿದ್ದೇನೆ. ಗೋಂದಿನ ಮುಚ್ಚಳ ಹಾಕಿಬಿಟ್ಟೆ. ಚೀಟಿಗಳು ಈ ಕೋಟಿನ ಜೇಬಿನಲ್ಲಿವೆ, ನಿಮಗೆ ಹಂಚುವುದಿಲ್ಲ. ಸಿಟ್ಟು ಇಳಿದಿದೆ ಎಂದುಕೊಳ್ಳಬೇಡಿ, ಇಳಿದಿಲ್ಲ. ಆದರೆ ಯಾರ ಮೇಲಿನ ಸಿಟ್ಟು ಎಂದು ಕೇಳಿದರೆ ಬೆಳಗಿನಿಂದ ಸರಿಯಾಗಿ ಹೇಳಲು ಬರುತ್ತಿಲ್ಲ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ, ಮುಗಿಸುತ್ತೇನೆ. ಊಟಕ್ಕೆ ಎಲ್ಲ ಸಿದ್ಧವಾಗಿದೆ. ಬಡಿಸುವ ಉಸ್ತುವಾರಿಯನ್ನು ಖಜಾಂಚಿಯವರು ವಹಿಸಿಕೊಳ್ಳಬೇಕು, ಕಾರ್ಯದರ್ಶಿ ಇರುವುದಿಲ್ಲ. ವೇದಿಕೆ ಹತ್ತುವ ಮುಂಚೆ ಮನೆಗೆ ಫೋನ್ ಮಾಡಿದ್ದೆ. "ರಾತ್ರಿ ಊಟಕ್ಕೆ ಮನೆಗೇ ಬರ್ತೀನಿ" ಅಂದೆ. ಅವಳು ಕೇಳಿದಳು, "ಎಷ್ಟು ಜನ?"

ಉತ್ತರ ಕೊಡುವಷ್ಟರಲ್ಲಿ ನಿರೂಪಕರು ನನ್ನನ್ನು ಕರೆದುಬಿಟ್ಟರು. ಯಾವ ಪಾತ್ರೆ ಇಡಬೇಕೆಂದು ತಿಳಿಯದೆ ಅವಳು ಇನ್ನೂ ಒಲೆ ಹಚ್ಚಿರಲಿಕ್ಕಿಲ್ಲ. ನಾನೇ ಹೋಗಿ ಹೇಳಬೇಕು. ಹಸಿದ ಹೊಟ್ಟೆಯಲ್ಲಿ ಕುಳಿತು ಇಷ್ಟು ಹೊತ್ತು ನನ್ನ ದೂರು ಕೇಳಿಸಿಕೊಂಡ ತಮಗೆಲ್ಲ ವಂದನೆಗಳು. ದಯವಿಟ್ಟು ಯಾರೂ ನನ್ನ ಜೊತೆ ಬರಬೇಡಿ. ನಮಸ್ಕಾರ.