ಒಂದೇ ಕಡೆ ನೋಡುವ ಗೊಂಬೆಗಳು

ಪಾಳಿ ಮುಗಿಸಿ ಬಸ್ಸಿನಲ್ಲಿ ತೂಕಡಿಸುತ್ತಿದ್ದ ನರ್ಸ್‌ಗೆ, ಮುಂದಿನ ಸೀಟಿನ ಅಕ್ಕ-ತಮ್ಮನ ಮಾತು ಕನಸಿನೊಳಗಿಂದ ಬಂದಂತೆ ಕೇಳಿಸಿತು. ಪರರ ಮಾತಿಗೆ ಕಿವಿಗೊಡುವುದು ಸರಿಯಲ್ಲವೆಂದು ಅನ್ನಿಸಿದರೂ ಅವಳು ಕಣ್ಣು ತೆರೆಯಲಿಲ್ಲ.

“ನನ್ನ ಕಾರ್ಖಾನೇಲಿ ಗೊಂಬೆಗೆ ಕಣ್ಣು ಬರೆಯೋಳು ಕೆಲ್ಸ ಬಿಡ್ತಾಳಂತೆ ಅಕ್ಕ. ಕುಂಚ ಹಿಡಿಯೋದು ನಾನೇ ಕಲಿಸಿದ್ದು.”

“ಸಂಬಳ ಜಾಸ್ತಿ ಕೊಡ್ತೀನಿ ಅಂದ್ಯಾ?”

“ಅಂದೆ. ಸುಮ್ನೆ ನಕ್ಕಳು. ಈಗೀಗ ಗಮನಾನೂ ಇಲ್ಲ. ಎಲ್ಲಾ ಗೊಂಬೆನೂ ಓರೆಗಣ್ಣಲ್ಲಿ ಒಂದೇ ಕಡೆ ನೋಡ್ತವೆ.”

“ಅವಳು ಕೂತಲ್ಲಿಂದ ಆ ಕಡೆ ಏನಿದೆ?”

“ನನ್ನ ಮೇಜು.”

“ನಿನ್ನ ಮುಖ ನೋಡೋಕೆ ಗೊಂಬೆಗಳಿಗೇನು ಗ್ರಹಚಾರ! ಮೇಜಿನಾಚೆ?”

“ಕಿಟಕಿ. ಹೊರಗೊಂದು ಮರ.”

“ಅವಳ ಎದುರಿಗೆ?”

“ಗೋಡೆ.”

ಬಸ್ಸು ಒಂದು ತಿರುವು ದಾಟಿದ ಮೇಲೆ ತಮ್ಮನೇ ಮತ್ತೆ ಕೇಳಿದ.

“ಕಿಟಕಿ ಹತ್ರ ಕೂರಿಸಿದ್ರೆ ಉಳೀತಾಳಾ, ಅಕ್ಕ?”

“ಅವಳನ್ನೇ ಕೇಳು. ಮೊದ್ಲು ಮೇಜು ಎತ್ತು.”

“ಅದು ಒಬ್ಬನ ಕೈಲಿ ಆಗಲ್ಲ.”

“ಗೊತ್ತು ಕಣೋ. ಅದಕ್ಕೇ ನಾನೂ ಇಲ್ಲೇ ಇಳೀತೀನಿ, ನಡಿ.”

ಅವರು ಇಳಿದುಹೋದ ಮೇಲೆ ನರ್ಸ್ ಕಣ್ಣು ತೆರೆದಳು. ಅವಳ ಮುಖ ಆಗಲೇ ಕಿಟಕಿಯ ಕಡೆ ತಿರುಗಿತ್ತು.