ಕರೆಸಿದವರೇ ಕಳಿಸಬೇಕು

ದಾನ ಮಾಡುವುದು ಕಷ್ಟವಲ್ಲ, ನೋಡಿ. ದಾನ ಮಾಡಿದರೆ ಹೆಸರು ಬರುತ್ತದೆ, ಕಲ್ಲಿನ ಮೇಲೆ ಕೆತ್ತಿಸುತ್ತಾರೆ. ಹೊಣೆ ಹೊರುವುದು ಕಷ್ಟ. ಹೊಣೆ ಹೊತ್ತವನ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಇದಕ್ಕೊಂದು ದೃಷ್ಟಾಂತ ಹೇಳುತ್ತೇನೆ. ಹಿಂದೆ ಕೂತವರು ಊಟದ ಮನೆ ಕಡೆ ನೋಡುವುದು ಬೇಡ, ಸಾರು ಇನ್ನೂ ಕುದಿಯುತ್ತಾ ಇದೆ.

ಕಡಲ ಪಕ್ಕದ ಒಂದು ಊರು ಅಂತ ಇಟ್ಟುಕೊಳ್ಳಿ. ಅಲ್ಲೊಬ್ಬ ಧಣಿ. ಗಲ್ಫಿಗೆ ಹೋಗಿ ಸಸ್ಯಾಹಾರಿ ಹೋಟೆಲು ಇಟ್ಟು ಶ್ರೀಮಂತನಾದವನು. ಕೆಟ್ಟವನೋ? ಅಲ್ಲವೇ ಅಲ್ಲ. ದೇವರಲ್ಲಿ ಭಕ್ತಿ, ಬಡವರಲ್ಲಿ ಕನಿಕರ, ಮಾತು ಬೆಣ್ಣೆ. ಹೋಟೆಲು ಶುರು ಮಾಡುವಾಗ ಒಬ್ಬ ಒಳ್ಳೆ ಅಡಿಗೆಯವ ಬೇಕಾಯಿತು. ತಾನೇ ಅವನ ಮನೆಗೆ ಹೋದ. ನಮ್ಮಲ್ಲಿ ಅಡಿಗೆಯವರನ್ನು ಕರೆಯುವ ಕ್ರಮ ನಿಮಗೆ ಗೊತ್ತುಂಟು. ವೀಳ್ಯ ಕೊಟ್ಟು ಕರೆಯಬೇಕು. ಹಾಗೇ ಕರೆದ. ಬಾಗಿಲಲ್ಲಿ ನಿಂತಿದ್ದ ಅವನ ತಾಯಿಗೆ, "ಹೆದರಬೇಡಿ ಅಮ್ಮ, ಇವನು ಇನ್ನು ನನ್ನ ಜವಾಬ್ದಾರಿ" ಅಂದ. ವೀಸಾ ಧಣಿಯ ಹೆಸರಲ್ಲಿ ಬಂತು, ಅಡಿಗೆಯವ ಹೋದ.

ಅವನ ಕೈರುಚಿಯಿಂದ ಹೋಟೆಲು ಬೆಳೆಯಿತು. ಧಣಿ ಊರಲ್ಲಿ ಹೊಸ ಮನೆ ಕಟ್ಟಿಸಲಿಕ್ಕೆ ಶುರು ಮಾಡಿದ. ಅಷ್ಟರಲ್ಲಿ ಹೋಟೆಲು ಇದ್ದ ಕಟ್ಟಡದವರು, "ಕಟ್ಟಡ ಕೆಡವುತ್ತೇವೆ, ಖಾಲಿ ಮಾಡಿ" ಅಂದರು. ಹೋಟೆಲಿಗೆ ಬೀಗ ಬಿತ್ತು. ಧಣಿ ಏನು ಮಾಡಿದ? ಅಡಿಗೆಯವನ ಸಂಬಳ ಚುಕ್ತಾ ಮಾಡಿದ, ಒಂದು ಶಾಲು ಹೊದಿಸಿದ. "ಇನ್ನು ನೀನು ಸ್ವತಂತ್ರ ಮಾರಾಯ. ಎಲ್ಲಿ ಬೇಕಾದರೂ ದುಡಿ" ಅಂದ. ತನ್ನದು ಎಂಥ ದೊಡ್ಡ ಮನಸ್ಸು ಅಂತ ಅವನಿಗೇ ಕಣ್ಣು ತುಂಬಿ ಬಂತು. ವಿಮಾನ ಹತ್ತಿ ಗೃಹಪ್ರವೇಶಕ್ಕೆ ಊರಿಗೆ ಬಂದ.

ಸ್ವತಂತ್ರ! ಎಂಥ ಸ್ವಾತಂತ್ರ್ಯ ನೋಡಿ. ಅಡಿಗೆಯವ ಪಕ್ಕದ ಹೋಟೆಲಿಗೆ ಹೋದರೆ, "ನಿನ್ನ ವೀಸಾ ಹಳೇ ಧಣಿಯ ಹೆಸರಲ್ಲಿ ಉಂಟು, ಅವರು ಬಿಟ್ಟುಕೊಡದೆ ನಾವು ಇಟ್ಟುಕೊಳ್ಳುವ ಹಾಗಿಲ್ಲ" ಅಂದರು. ಸರಿ, ಊರಿಗಾದರೂ ಹೋಗುವ ಅಂದರೆ ಪಾಸ್‌ಪೋರ್ಟ್ ಕೈಯಲ್ಲಿಲ್ಲ. ಅದನ್ನು ಧಣಿ ಹಿಂದೆಯೇ, "ನನ್ನ ಹತ್ತಿರ ಭದ್ರವಾಗಿರಲಿ" ಅಂತ ತೆಗೆದಿಟ್ಟಿದ್ದ. ವೀಸಾದ ಅವಧಿ ಬೇರೆ ಮುಗಿಯುತ್ತಾ ಬಂದಿತ್ತು. ಅದು ಮುಗಿದ ಮೇಲೂ ಅಲ್ಲಿದ್ದರೆ, ಇಷ್ಟು ವರ್ಷ ಅಲ್ಲಿನವರಿಗೆ ಅನ್ನ ಬೇಯಿಸಿದವನು ಆ ನೆಲದಲ್ಲಿ ಕಳ್ಳ. ಹಿಡಿದು ಒಳಗೆ ಹಾಕಬಹುದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತ ಗಾದೆ ಉಂಟಲ್ಲ? ಇಲ್ಲಿ ಧಣಿ ದಡ ಸೇರಿದ, ಅಂಬಿಗ ನಡುನೀರಲ್ಲಿ.

ಅಡಿಗೆಯವ ಫೋನು ಮಾಡಿದ. ಧಣಿ ಪೇಂಟಿನವರ ಜೊತೆ ಇದ್ದ. "ಗೃಹಪ್ರವೇಶ ಒಂದು ಮುಗಿಯಲಿ ಮಾರಾಯ, ಆಮೇಲೆ ನೋಡುವ" ಅಂದ. ಅಂದದ್ದು ಪ್ರೀತಿಯಿಂದಲೇ. ನಾವೆಲ್ಲ ಮುಂದೂಡುವುದು ಪ್ರೀತಿಯಿಂದಲೇ ಅಲ್ಲವೇ?

ಗೃಹಪ್ರವೇಶ ಜೋರಾಯಿತು. ಊರಿಗೆ ಊರೇ ಉಂಡಿತು. ಸಂಜೆ ಧಣಿ ಜಗಲಿಗೆ ಬಂದು ನೋಡುತ್ತಾನೆ, ಅಡಿಗೆ ಭಟ್ಟರು ತಮ್ಮ ಕೊಪ್ಪರಿಗೆ, ಸಟ್ಟುಗ ಎಲ್ಲ ಕಟ್ಟಿಕೊಂಡು ಅಂಗಳದಲ್ಲಿ ಕೂತಿದ್ದಾರೆ. ಜೊತೆಯವರೂ ಕೂತಿದ್ದಾರೆ.

"ಏನು ಭಟ್ರೇ, ಸಂಭಾವನೆ ಮುಟ್ಟಲಿಲ್ವಾ?"

"ಮುಟ್ಟಿತು. ಊಟವೂ ಆಯ್ತು, ವೀಳ್ಯವೂ ಆಯ್ತು. ಗಾಡಿ ಬರ್ಲಿಲ್ಲ."

"ಬಸ್ಸುಂಟಲ್ಲ?"

"ಕೊಪ್ಪರಿಗೆ ಹೊತ್ಕೊಂಡು ಬಸ್ ಹತ್ತುದಾ ಧಣಿ? ಕರೆಸಿದ ಮನೆಯವ್ರು ಬಿಡದೆ ನಾವು ಹೊರಟದ್ದುಂಟಾ? ನೀವು ಕಳಿಸುವ ತನಕ ನಾವು ಇಲ್ಲೇ."

ಭಟ್ಟರು ಜಗಳಕ್ಕೆ ಹೇಳಿದ್ದಲ್ಲ, ಕ್ರಮ ಹೇಳಿದರು. ಆದರೆ ಗೇಟಿನ ಹತ್ತಿರ ನೆಂಟರು ನಿಂತಿದ್ದರು. ಧಣಿಗೆ ನಾಚಿಕೆಯಾಗಿ ಮೈಯೆಲ್ಲ ಹಿಡಿಯಾಯಿತು. ಹೊಸ ಪಂಚೆ ಎತ್ತಿ ಕಟ್ಟಿದ, ಪಿಕಪ್ಪಿಗೆ ತಾನೇ ಕೊಪ್ಪರಿಗೆ ಏರಿಸಿದ, ತಾನೇ ಓಡಿಸಿಕೊಂಡು ಹೋಗಿ ಭಟ್ಟರ ಮನೆ ಬಾಗಿಲಿಗೆ ಬಿಟ್ಟು ಬಂದ. ಬರುವಾಗ ಎದೆ ಉಬ್ಬಿತ್ತು.

ಮನೆಯಲ್ಲಿ ಹೆಂಡತಿ ದೇವರ ಮುಂದಿನ ಸಾಮಾನು ಎತ್ತಿಡುತ್ತಿದ್ದಳು. "ಭಟ್ರನ್ನ ಬಿಟ್ಟು ಬಂದ್ರಾ?" ಅಂತ ಕೇಳಿದಳು.

"ಬಾಗಿಲ ತನಕ! ಕರೆಸಿದವನು ನಾನಲ್ವಾ?"

"ಒಳ್ಳೇದಾಯ್ತು. ಅಲ್ಲಿ ಗಲ್ಫಿನಲ್ಲಿ ನಮ್ಮ ಅಡಿಗೆಯವನನ್ನ ಯಾರು ಮನೆಗೆ ಬಿಡುದು?"

ಧಣಿ ಎತ್ತಿ ಕಟ್ಟಿದ್ದ ಪಂಚೆ ಇಳಿಸಿದ.

"ಅವನನ್ನೂ ವೀಳ್ಯ ಕೊಟ್ಟೇ ಕರೆದದ್ದಲ್ವಾ? ಅವನ ಪಾಸ್‌ಪೋರ್ಟ್ ಎಲ್ಲುಂಟು?"

"ಅಲ್ಲೇ, ಬ್ಯಾಂಕಿನಲ್ಲಿ, ನನ್ನ ಲಾಕರಿನಲ್ಲಿ."

"ಲಾಕರಿನ ಬೀಗದ ಕೈ?"

ಧಣಿ ದೇವರ ಮುಂದಿನ ಹರಿವಾಣ ನೋಡಿದ. ಹೊಸ ಮನೆಯ ಬೀಗದ ಕೈಗಳನ್ನು ಪೂಜೆಗೆ ಇಟ್ಟಿದ್ದರು. ಅದೇ ಗೊಂಚಲಿನಲ್ಲಿತ್ತು ಲಾಕರಿನ ಕೈ. ಒಬ್ಬ ಮನುಷ್ಯ ಮನೆ ಸೇರುವ ದಾರಿಗೆ ಬೀಗ ಹಾಕಿ, ಆ ಕೈಗೆ ಕುಂಕುಮ ಹಚ್ಚಿ ಆರತಿ ಎತ್ತಿದ್ದ! ಆ ಪೂಜೆಯನ್ನು ದೇವರು ತೆಗೆದುಕೊಂಡನೋ ಇಲ್ಲವೋ, ನೀವೇ ಹೇಳಿ.

ಕುಂಕುಮ ಒರೆಸದೆ ಆ ಬೀಗದ ಕೈ ಹಿಡಿದುಕೊಂಡು ಧಣಿ ಸಿಕ್ಕಿದ ವಿಮಾನಕ್ಕೆ ಹೋದ. ಪಾಸ್‌ಪೋರ್ಟ್ ತೆಗೆದು ಅಡಿಗೆಯವನ ಕೈಗೆ ಕೊಟ್ಟ. "ಇಲ್ಲೇ ಬೇರೆ ಕಡೆ ದುಡಿಯುವುದಾದರೆ ಬಿಟ್ಟುಕೊಡುತ್ತೇನೆ, ಊರಿಗೆ ಹೋಗುವುದಾದರೆ ಟಿಕೆಟ್ ನನ್ನದು" ಅಂದ. ಅಡಿಗೆಯವ, "ಊರಿಗೆ" ಅಂದ, ಅಷ್ಟೇ. ಆಫೀಸಿನ ಸಾಲಿನಲ್ಲಿ ಧಣಿಯೇ ನಿಂತು ವೀಸಾ ರದ್ದು ಮಾಡಿಸಿದ. ಅವಧಿ ಮುಗಿಯುವ ಮುಂಚೆ ಅಡಿಗೆಯವ ಹೊರಟ, ಮರ್ಯಾದೆಯಿಂದ ಊರು ಸೇರಿದ. ಆಮೇಲೆ ಧಣಿಯ ಹೊಸ ಮನೆ ನೋಡಲಿಕ್ಕೆ ಬಂದನೋ? ಬರಲಿಲ್ಲ. ಬರಬೇಕು ಅಂತೇನೂ ಇಲ್ಲ. ಸಾಲ ತೀರಿಸಿದವನಿಗೆ ಯಾರೂ ಹಾರ ಹಾಕುವುದಿಲ್ಲ.

ಈಗ ನೀವು ಹೇಳಬಹುದು, "ನಮಗೆ ಗಲ್ಫಿನಲ್ಲಿ ಹೋಟೆಲಿಲ್ಲ ಸ್ವಾಮಿ." ಇದ್ದವರು ಈ ಸಭೆಯಲ್ಲಿ ಇದ್ದಾರೆ, ತಲೆ ತಗ್ಗಿಸಿದ್ದು ಕಾಣುತ್ತದೆ. ಅವರಿಗೆ ಮೊದಲು ಹೇಳುತ್ತೇನೆ. ನಿಮ್ಮ ಹೆಸರು ನಂಬಿ ಬಂದವನ ಕೆಲಸ ಹೋದರೆ ನಿಮ್ಮ ಹೊಣೆ ಹೋಗುವುದಿಲ್ಲ, ಆಗಲೇ ಅದು ಶುರು. ಅವನ ಪಾಸ್‌ಪೋರ್ಟ್ ಅವನ ಕೈಯಲ್ಲಿರಲಿ, ಕೆಲಸ ಇದ್ದಾಗಲೂ. ಬೇರೆ ಕೆಲಸಕ್ಕೆ ಬಿಟ್ಟುಕೊಡಿ, ಇಲ್ಲವೇ ಮನೆ ಮುಟ್ಟಿಸಿ. "ಸ್ವತಂತ್ರ" ಅಂತ ಶಾಲು ಹೊದಿಸಿ ಕೈ ತೊಳೆದುಕೊಳ್ಳಬೇಡಿ.

ಇನ್ನು ಉಳಿದವರು. ಮೀನಿನ ದೋಣಿಯಲ್ಲಿ ದುಡಿಯಲಿಕ್ಕೆ ಒಡಿಶಾದವರನ್ನು ಕರೆಸಿದವರು ನೀವೇ ಅಲ್ಲವೇ? ತೊಟ್ಟಿಲ ಮಗುವನ್ನು ನೋಡಿಕೊಳ್ಳಲಿಕ್ಕೆ ಘಟ್ಟದ ಮೇಲಿಂದ ಹೆಣ್ಣು ಮಗಳನ್ನು ಕರೆತಂದವರು ನೀವೇ ಅಲ್ಲವೇ? ಬೇಕಾದಾಗ ಕಾರು ಕಳಿಸುತ್ತೀರಿ. ಬೇಡವಾದಾಗ ಬಸ್ ಸ್ಟ್ಯಾಂಡ್ ಎಲ್ಲುಂಟು ಅಂತ ಕೈ ತೋರಿಸುತ್ತೀರಿ. ಇನ್ನು ಮೇಲೆ ಹಾಗೆ ಬೇಡ. ಕರೆಸಿದವರು ಕಳಿಸಿ. ಮನೆ ಮುಟ್ಟಿದೆ ಅಂತ ಅವರ ಬಾಯಿಂದಲೇ ಕೇಳುವ ತನಕ ಮುಗಿಯಿತು ಅನ್ನಬೇಡಿ.

ಸಾಕು, ಎಲೆ ಹಾಕುತ್ತಿದ್ದಾರೆ, ಏಳಿ. ಹೊಟ್ಟೆ ತುಂಬ ಉಣ್ಣಿ. ಉಂಡು ಕೈ ತೊಳೆದವರು ನೇರ ಮನೆಗೆ ಹೋಗಬೇಡಿ. ಹಿಂದೆ ಒಲೆಯ ಹತ್ತಿರ ಹೋಗಿ, ಅಡಿಗೆಯವರನ್ನು ಒಂದು ಮಾತು ಕೇಳಿ: "ನಿಮ್ಮನ್ನು ಮನೆಗೆ ಬಿಡುವವರು ಯಾರು?"